ಅಲಸಂದೆ ಬೇರು ಮತ್ತು ನನ್ನ ಹದಿನಾಲ್ಕು ಸೆಕೆಂಡು

ಹದಿನಾಲ್ಕು ಸೆಕೆಂಡಿನಲ್ಲಿ ಅರ್ಧ ಗದ್ದೆ ಬೆಳೆ ಕೀಳಿಸುವುದು ಹೇಗೆ?

ನನ್ನನ್ನು ಕೇಳಿ. ನಾನು ಕೀಳಿಸಿದ್ದೇನೆ. ಕೈಗೆ ಮಣ್ಣಾಗಲಿಲ್ಲ, ಕೂತ ಕುರ್ಚಿಯಿಂದ ಏಳಲೂ ಇಲ್ಲ. ಶಿಕಾರಿಪುರದ ಕಲ್ಯಾಣ ಮಂಟಪವೊಂದರಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತಿದ್ದೆ. ಮೊಬೈಲಿಗೆ ಒಂದು ಫೋಟೊ ಬಂತು, ಜೊತೆಗೊಂದು ವಾಯ್ಸ್ ಮೆಸೇಜ್. ಫೋಟೊ ನೋಡಿದೆ. ಮೆಸೇಜ್ ಸ್ವಲ್ಪ ಕೇಳಿದೆ. ಮೈಕ್ ಗುಂಡಿ ಒತ್ತಿ ಹಿಡಿದು ಮಾತಾಡಿದೆ.

"ನೋಡಮ್ಮಾ, ಇದು ಗಂಟುಬೇರು ರೋಗ. ಮಣ್ಣಿನಲ್ಲಿರೋ ಹುಳದಿಂದ ಬರುತ್ತೆ. ಔಷಧಿ ಗಿವ್ಷಧಿ ಅಂತ ಕಾಯಬೇಡ. ಗಿಡ ಕಿತ್ತು ಸುಟ್ಟುಬಿಡು. ಇಲ್ಲದಿದ್ರೆ ಗದ್ದೆಗೆಲ್ಲ ಹರಡುತ್ತೆ."

ಹದಿನಾಲ್ಕು ಸೆಕೆಂಡು. ಅಷ್ಟರಲ್ಲಿ ಪಂಕ್ತಿಗೆ ಕರೆದರು. ಹೋಗಿ ಊಟ ಮಾಡಿದೆ. ಹೋಳಿಗೆ ಚೆನ್ನಾಗಿತ್ತು.

ಫೋಟೊ ಕಳಿಸಿದವಳು ನಾಗರತ್ನ. ನನ್ನ ಹಳೇ ವಿದ್ಯಾರ್ಥಿನಿ. ತವರು ಅಂಜನಾಪುರದ ಹತ್ತಿರ, ಕೊಟ್ಟಿದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ. ಗಂಡ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾನೆ, ಕೊಯ್ಲಿನ ಕಾಲದಲ್ಲಿ ಊರಲ್ಲಿರುವುದಿಲ್ಲ. ಗದ್ದೆ ನೋಡಿಕೊಳ್ಳುವುದು ಇವಳು ಮತ್ತು ಗಂಡನ ಅಣ್ಣ ತೀರ್ಥಪ್ಪ.

ಅವಳ ತವರಿನಲ್ಲಿ ಡ್ಯಾಮಿನ ನೀರು. ಭತ್ತ ಕೊಯ್ದರೆ ಮತ್ತೆ ಭತ್ತ. ಕುಪ್ಪಗಡ್ಡೆಯಲ್ಲಿ ಇವರ ಗದ್ದೆಗೆ ಆ ಸೌಕರ್ಯವಿಲ್ಲ. ಮಳೆಗಾಲದ ಒಂದು ಭತ್ತ, ಆಮೇಲೆ ಗದ್ದೆ ಖಾಲಿ. ದನ ಮೇಯುತ್ತವೆ. ಕೊಯ್ಲು ಮುಗಿದ ಮೇಲೂ ನೆಲದಲ್ಲಿ ಹಸಿ ಇರುತ್ತದಲ್ಲ, ಅದು ಆರಿಹೋಗುವುದರೊಳಗೆ ಅಲಸಂದೆ ಚೆಲ್ಲಿದರೆ ಹೇಗೆ ಅಂತ ನಾಗರತ್ನಳಿಗೆ ಅನಿಸಿತು. ಭಾವನಿಗೆ ಹೇಳಿದಳು. ಭಾವ ಮೊದಲು ಬೇಡ ಅಂದರು, ದನ ಮೇಯಿಸಕ್ಕೆ ಎಲ್ಲಿ ಹೋಗಣ ಅಂದರು. ಒಂದು ತಿಂಗಳು ಬೆನ್ನುಬಿದ್ದು ಒಪ್ಪಿಸಿದ್ದಳು. ಒಂದು ಎಕರೆಗೆ ಮಾತ್ರ. ಒಂದು ಸಲಕ್ಕೆ ಮಾತ್ರ. ಸರಿಯಾಗಿ ಬಂದರೆ ಮುಂದಿನ ವರ್ಷ ಇನ್ನೂ ಎರಡು ಎಕರೆಗೆ.

ಬೆಳೆ ಬಂತು. ಹೂವಿನ ಮೊಗ್ಗು ಕಾಣಿಸಿಕೊಂಡಿತ್ತು. ಅಷ್ಟರಲ್ಲಿ ಕಳೆ ಕೀಳುವಾಗ ಒಂದು ಗಿಡ ಕೈಗೆ ಬಂತು. ಬೇರು ನೋಡಿದರೆ ತುಂಬಾ ಗಂಟು. ಹೆದರಿದಳು. ಯಾರನ್ನು ಕೇಳುವುದು? ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸಿದ ಮೇಷ್ಟ್ರನ್ನು.

ಹೌದು, ನಾನು ಸೈನ್ಸ್ ಮೇಷ್ಟ್ರು. ಇಪ್ಪತ್ತೆಂಟು ವರ್ಷ ಪಾಠ ಮಾಡಿ ರಿಟೈರಾದವನು. (ಈ ಅಂಕಣ ಓದುವವರಲ್ಲಿ ನನ್ನಿಂದ ಏಟು ತಿಂದವರೂ ಇದ್ದಾರೆ. ಈಗ ನಗಬಹುದು.)

ಅವತ್ತು ಸಂಜೆ ಮಲ್ಲಿಕಣ್ಣನ ಅಂಗಡಿಗೆ ಹೋದೆ. ಮಲ್ಲಿಕಣ್ಣನದು ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಯೂರಿಯಾ ಚೀಲಗಳ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ, ಅದು ನನ್ನದು ಅಂತಲೇ ಲೆಕ್ಕ. ಚಹಾ ಬಂತು. ಇವತ್ತು ಒಬ್ಬಳಿಗೆ ಫೋನಿನಲ್ಲೇ ರೋಗ ಕಂಡುಹಿಡಿದುಕೊಟ್ಟೆ ಅಂತ ಫೋಟೊ ತೋರಿಸಿದೆ.

ಮಲ್ಲಿಕಣ್ಣ ಕನ್ನಡಕ ಹಣೆಗೆ ಏರಿಸಿ, ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದ.

"ಏನ್ ಬೆಳೀರಿ ಇದು?"

"ಅಲಸಂದೆ."

"ಇದಕ್ಕ ಏನ್ ಅಂದ್ರಿ?"

"ಗಂಟುಬೇರು ರೋಗ. ಕಿತ್ತು ಸುಡು ಅಂದೆ."

ಮಲ್ಲಿಕಣ್ಣ ಮೊಬೈಲ್ ಮೇಜಿನ ಮೇಲಿಟ್ಟ. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಮೇಷ್ಟ್ರೇ, ರೋಗ ಆದ್ರ ಬೇರು ತಾನೇ ಊದಿಕೊಂಡಿರ್ತದ. ಗಂಟು ತಗೀಲಿಕ್ಕ ಬರಂಗಿಲ್ಲ. ಇಲ್ಲಿ ನೋಡ್ರಿ, ಮಣಿ ಅಂಟಿಸಿದಂಗ ಪಕ್ಕಕ್ಕ ಕುಂತಾವ. ಬೆರಳಾಗ ಉಜ್ಜಿದ್ರ ಉದುರ್ತಾವ. ಉಗುರಾಗ ಒತ್ತಿದ್ರ ಒಳಗ ಕೆಂಪಗ ಇರ್ತಾವ. ಇವು ರೋಗ ಅಲ್ರೀ. ಇವು ಇದ್ರ ಗಿಡಕ್ಕ ಯೂರಿಯಾನೇ ಬ್ಯಾಡ. ನನ್ನ ವ್ಯಾಪಾರ ಕೆಡಿಸೋವು ಇವು. ನಿಮ್ಮ ಪುಸ್ತಕದಾಗ ಇರ್ಲಿಲ್ಲೇನು?"

ಇತ್ತು.

ಪುಸ್ತಕದಲ್ಲಿ ಇತ್ತು. 'ದ್ವಿದಳ ಸಸ್ಯಗಳ ಬೇರುಗಂಟು. ರೈಜೋಬಿಯಂ ಬ್ಯಾಕ್ಟೀರಿಯಾ. ಸಾರಜನಕ ಸ್ಥಿರೀಕರಣ.' ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಇಪ್ಪತ್ತೆಂಟು ವರ್ಷ ಕಪ್ಪು ಹಲಗೆಯ ಮೇಲೆ ಆ ಚಿತ್ರ ಬರೆದಿದ್ದೇನೆ. ಮಧ್ಯೆ ಒಂದು ಬೇರು, ಎರಡೂ ಬದಿಗೆ ದುಂಡನೆಯ ಸೊನ್ನೆಗಳು. ಕಣ್ಣುಮುಚ್ಚಿಕೊಂಡು ಬರೆಯಬಲ್ಲೆ. ಕಣ್ಣು ಬಿಟ್ಟುಕೊಂಡು ಒಂದು ಸಲವೂ ಬೇರು ನೋಡಿರಲಿಲ್ಲ. ನಮ್ಮದು ಪೇಟೆಯ ಬಟ್ಟೆ ಅಂಗಡಿಯ ಮನೆ. ಅಲಸಂದೆ ನನಗೆ ಗೊತ್ತಿದ್ದುದು ಸಾರಿನಲ್ಲಿ.

ಹಾಗಾದರೆ ಇಪ್ಪತ್ತೆಂಟು ವರ್ಷ ನಾನು ಕಲಿಸಿದ್ದೇನು? ಬೇರನ್ನೋ, ಚಿತ್ರವನ್ನೋ?

ಆ ಪ್ರಶ್ನೆಗೆ ಆಗ ಸಮಯ ಇರಲಿಲ್ಲ. ನಾಗರತ್ನಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. 'ಕೀಳಬೇಡ, ನಾನು ತಪ್ಪು ಹೇಳಿದೆ' ಅಂತ ಮೆಸೇಜ್ ಹಾಕಿದೆ. ತಲುಪಿದ ಗುರುತು ಬೀಳಲಿಲ್ಲ. ಮನೆಗೆ ಹೋಗಿ ಮತ್ತೆ ಮಾಡಿದೆ. ಅದೇ. ಆ ಊರಲ್ಲಿ ಬೇರೆ ಯಾರ ನಂಬರೂ ನನ್ನ ಹತ್ತಿರ ಇರಲಿಲ್ಲ.

"ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ" ಅಂದಳು ನನ್ನ ಹೆಂಡತಿ.

"ಫೋನ್ ಆನ್ ಆಗುತ್ತೆ ಬಿಡು."

"ಕಿತ್ತು ಸುಡು ಅಂತ ಫೋನಲ್ಲಿ ಹೇಳಿದ್ದು ಸಾಕು. ತಪ್ಪಾಯ್ತು ಅಂತಾದ್ರೂ ಎದುರಿಗೆ ನಿಂತು ಹೇಳಿ."

ಹೋದೆ.

ಶಿರಾಳಕೊಪ್ಪ ದಾಟಿದ ಮೇಲೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಸುಮ್ಮನೆ ಕೂರಲಾಗದೆ ನಾಗರತ್ನಳ ವಾಯ್ಸ್ ಮೆಸೇಜನ್ನು ಮತ್ತೆ ಹಾಕಿದೆ. ಮತ್ತೆ ಅಂದೆನಲ್ಲ, ಅದು ಸುಳ್ಳು. ಪೂರ್ತಿ ಕೇಳಿದ್ದು ಅದೇ ಮೊದಲು. ಕಲ್ಯಾಣ ಮಂಟಪದಲ್ಲಿ 'ಬೇರಿನ ತುಂಬಾ ಗಂಟು ಸಾರ್' ಅನ್ನುವವರೆಗೆ ಕೇಳಿ ನಿಲ್ಲಿಸಿದ್ದೆ. ಆಮೇಲೆ ಅವಳು ಹೇಳಿದ್ದು ಇದು:

"...ಮೂಲೇಲಿ ನೀರು ನಿಂತ ಕಡೆ ಒಂದಿಷ್ಟು ಗಿಡ ಹಳದಿ ಆಗ್ಯದೆ. ಅವನ್ನ ಕಿತ್ತು ನೋಡಿದ್ರೆ ಗಂಟು ಕಮ್ಮಿ ಸಾರ್. ಹಸುರಾಗಿ ಜೋರಾಗಿ ಇರೋ ಗಿಡಕ್ಕೇ ಗಂಟು ಜಾಸ್ತಿ. ರೋಗ ಆಗಿದ್ರೆ ಉಲ್ಟಾ ಇರ್ಬೇಕಲ್ದಾ? ನಮ್ಮ ಭಾವ ಇದೆಲ್ಲ ಯಾವಾಗ್ಲೂ ಇರ್ತದೆ, ಎಂತೂ ಆಗಲ್ಲ ಅಂತಾರೆ. ಅದ್ಕೇ ನಿಮ್ಮನ್ನೊಂದು ಮಾತು ಕೇಳಣ ಅಂತ."

ಮುಗಿಯಿತು.

ಗಿಡ ಕಿತ್ತು ನೋಡಿದ್ದಾಳೆ. ಹಳದಿಯನ್ನೂ ಹಸಿರನ್ನೂ ಹೋಲಿಸಿದ್ದಾಳೆ. ಗಂಟು ಹೆಚ್ಚಿದ್ದಲ್ಲಿ ಗಿಡ ಚೆನ್ನಾಗಿದೆ ಅಂತ ಕಂಡುಕೊಂಡಿದ್ದಾಳೆ. ಉತ್ತರದ ಬಾಗಿಲವರೆಗೆ ತಾನೇ ನಡೆದುಬಂದು, ತಟ್ಟಲಾ ಅಂತ ಕೇಳಿದ್ದಾಳೆ. ನಾನು ಒಳಗಿನಿಂದ ಬೇಡ, ವಾಪಸ್ ಹೋಗು ಅಂದಿದ್ದೇನೆ. ಸೈನ್ಸ್ ಮಾಡಿದ್ದು ಅವಳು. ಮೇಷ್ಟ್ರು ಅನ್ನಿಸಿಕೊಂಡಿದ್ದು ನಾನು.

ನಾವೆಲ್ಲ ಹೀಗೇ ಅಲ್ಲವೇ? ಮೊಣಕಾಲು ನೋವು ಅನ್ನುವಷ್ಟರಲ್ಲಿ ಎಣ್ಣೆಯ ಹೆಸರು ಹೇಳುತ್ತೇವೆ. ಪಹಣಿಯಲ್ಲಿ ಹೆಸರು ತಪ್ಪಿದೆ ಅನ್ನುವಷ್ಟರಲ್ಲಿ ಯಾರನ್ನು ಹಿಡಿಯಬೇಕು ಅಂತ ಹೇಳುತ್ತೇವೆ. ಮಾತು ಪೂರ್ತಿ ಕೇಳಿದರೆ ನಮ್ಮ ಜಾಣತನ ಎಲ್ಲಿ ಕಡಿಮೆಯಾಗುತ್ತದೋ ಅಂತ ಭಯ. 'ಗೊತ್ತಿಲ್ಲ' ಅನ್ನಲು ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡು ಯಾರ ಹತ್ತಿರವೂ ಇಲ್ಲ.

ಸೊರಬದಲ್ಲಿ ಬಸ್ ಬದಲಿಸಿ ಕುಪ್ಪಗಡ್ಡೆ ತಲುಪುವಾಗ ಹತ್ತು ಗಂಟೆ ದಾಟಿತ್ತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗದ್ದೆಗೆ ಹೋಗ್ಯಾರೆ, ಅಂದರು ಪಕ್ಕದ ಮನೆಯವರು.

ದೂರದಿಂದಲೇ ಕಂಡಿತು. ಗದ್ದೆಯ ಆಚೆ ಅರ್ಧ ಹಸಿರು. ಈಚೆ ಅರ್ಧ ಬೋಳು. ಬೋಳಾದ ಕಡೆ ಭತ್ತದ ಕೂಳೆ ಮಾತ್ರ ಉಳಿದಿತ್ತು, ನಡುವೆ ಕಿತ್ತ ಗಿಡಗಳ ದೊಡ್ಡ ರಾಶಿ. ಹಿಂದಿನ ದಿನ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ನಾಗರತ್ನ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಕಿತ್ತಿದ್ದಳು. ಈಗ ರಾಶಿಯ ಅಡಿಗೆ ಒಣಹುಲ್ಲು ತುರುಕುತ್ತಿದ್ದಳು. ಹಸಿ ಗಿಡ, ಬರೀ ಬೆಂಕಿಗೆ ಹತ್ತುವುದಿಲ್ಲವಲ್ಲ.

ತೀರ್ಥಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಅರವತ್ತರ ಆಸುಪಾಸು, ತಲೆಗೆ ಟವೆಲ್ಲು, ಬಾಯಲ್ಲಿ ಎಲೆಯಡಿಕೆ. ಅವರು ಒಂದು ಗಿಡಕ್ಕೂ ಕೈ ಹಾಕಿರಲಿಲ್ಲ ಅಂತ ಆಮೇಲೆ ತಿಳಿಯಿತು. ನಾಗರತ್ನ ನನ್ನನ್ನು ನೋಡಿ ಎದ್ದು ನಿಂತಳು.

"ಸಾರ್! ನೀವು ಇಲ್ಲಿಗೆ?"

"ಓಹೋ, ಮೇಷ್ಟ್ರಾ?" ಅಂದರು ತೀರ್ಥಪ್ಪ. "ಬೆಂಕಿ ಹಚ್ಚಕ್ಕೆ ಬಂದ್ರೆಂತ?"

"ಹಚ್ಚಬೇಡಿ" ಅಂದೆ. "ನಾನು ತಪ್ಪು ಹೇಳಿದೆ. ಇದು ರೋಗ ಅಲ್ಲ."

ಬಸ್ಸಿನಲ್ಲಿ ಇನ್ನೂ ಉದ್ದನೆಯ ಮಾತು ಸಿದ್ಧ ಮಾಡಿಕೊಂಡಿದ್ದೆ. ಬಂದದ್ದು ಇಷ್ಟೇ.

ನಾಗರತ್ನ ಬಗ್ಗಿದಳು. ರಾಶಿಯಿಂದ ಒಂದು ಗಿಡ ಎಳೆದು ಬೇರು ಕೊಡವಿದಳು. ಮಲ್ಲಿಕಣ್ಣ ಹೇಳಿದ್ದನ್ನು ನಾನು ಹೇಳಿದೆ: ಉಜ್ಜಿ ನೋಡು, ಉದುರುತ್ತವೆ. ಉಗುರಲ್ಲಿ ಒತ್ತು. ಒತ್ತಿದಳು. ರಾತ್ರಿಯಿಡೀ ರಾಶಿಯಲ್ಲಿ ಬಿದ್ದಿದ್ದ ಗಿಡ, ಗಂಟಿನ ಒಳಗೆ ಮಾಸಲು ಕಂದು. ಅವಳು ಆಚೆ ಹೋಗಿ ನಿಂತ ಬೆಳೆಯಿಂದ ಒಂದೇ ಒಂದು ಗಿಡ ಕಿತ್ತು ತಂದಳು. ಒತ್ತಿದಳು. ಉಗುರಿನ ಮೇಲೆ ತೆಳ್ಳಗೆ ಕೆಂಪು ರಸ. ಬೆರಳಿಗೆ ಸೂಜಿ ಚುಚ್ಚಿದ ಹಾಗೆ.

ನಾನೂ ನೋಡಿದೆ. ನಾನೂ ಮೊದಲ ಸಲವೇ ನೋಡುತ್ತಿದ್ದೆ.

"ಕ್ಷಮಿಸಮ್ಮ" ಅಂದೆ.

"ನಂಗೆ ಬ್ಯಾಡ ಸಾರ್." ಅವಳ ದನಿ ಏರಲಿಲ್ಲ. "ಭಾವ ನಿನ್ನೆ ಇಲ್ಲೇ ನಿಂತ್ಕಂಡು ಹೇಳಿದ್ರು, ಕೀಳಬ್ಯಾಡ, ಉದ್ದಿಗೂ ಹಿಂಗೇ ಇರ್ತಾವೆ ಅಂತ. ನಾನು ಎಂತ ಅಂದೆ ಗೊತ್ತಾ? ನಿಮ್ಗೆ ಗೊತ್ತಾಗಲ್ಲ ಭಾವ, ನಮ್ಮ ಮೇಷ್ಟ್ರು ಓದಿದವ್ರು ಅಂದೆ. ಆ ಹೆಂಗಸರ ಎದುರಿಗೇ ಅಂದೆ. ಹೇಳೋದಾದ್ರೆ ಅವ್ರಿಗೆ ಹೇಳಿ."

ಬೆಳೆ ಹೋದದ್ದು ಒಂದು. ಮನೆಯ ಹಿರಿಯರ ಬಾಯಿ ಮುಚ್ಚಿಸಿದ್ದು ಇನ್ನೊಂದು. ಎರಡಕ್ಕೂ ಅವಳು ಬಳಸಿದ್ದು ನನ್ನ ಹೆಸರು.

ಬದುವಿನ ಹತ್ತಿರ ಹೋದೆ. "ತೀರ್ಥಪ್ಪನವರೇ, ನಿಮ್ಮ ಮಾತು ಸರಿ ಇತ್ತು. ನಾನು ಹೇಳಿದ್ದು ತಪ್ಪು" ಅಂದೆ. ಪಕ್ಕದ ಗದ್ದೆಯಲ್ಲಿ ದನ ಕಟ್ಟುತ್ತಿದ್ದವನೊಬ್ಬ ಕೆಲಸ ಬಿಟ್ಟು ನೋಡುತ್ತಿದ್ದ. ಅವನಿಗೂ ಕೇಳಲಿ ಅಂತಲೇ ಸ್ವಲ್ಪ ಜೋರಾಗಿ ಹೇಳಿದೆ.

ತೀರ್ಥಪ್ಪ ಬಾಯಲ್ಲಿದ್ದುದನ್ನು ಆಚೆ ಉಗಿದು ಬಂದರು.

"ಹೋಗ್ಲಿ ಬಿಡಿ. ನಂಗೂ ಪೂರ್ತಿ ಗೊತ್ತಿತ್ತು ಅಂತಲ್ಲ. ಇರ್ತದೆ ಅಂತ ಗೊತ್ತು. ಎಂತಕ್ಕೆ ಇರ್ತದೆ ಅಂತ ಗೊತ್ತಿಲ್ಲ. ಬಂದಿದೀರಿ, ಅದನ್ನಾದ್ರೂ ಹೇಳಿ."

ಹಾಗಾಗಿ ಬದುವಿನ ಮೇಲೆ ಕೂತು ಪಾಠ ಮಾಡಿದೆ. ಹಲಗೆ ಇಲ್ಲ, ಸೀಮೆಸುಣ್ಣ ಇಲ್ಲ, ಕೈಯಲ್ಲಿ ಬೇರು.

ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕವೇ. ಯೂರಿಯಾ ಚೀಲದಲ್ಲಿ ನಾವು ಹೊತ್ತು ತರುವುದೂ ಅದನ್ನೇ. ಆದರೆ ಗಾಳಿಯಲ್ಲಿರುವುದನ್ನು ಗಿಡ ಹಾಗೇ ತಿನ್ನಲಾರದು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ಜೀವಿ ಇದೆ, ಅದಕ್ಕೆ ಆ ವಿದ್ಯೆ ಬರುತ್ತದೆ. ಅದು ಅಲಸಂದೆಯ ಬೇರಿನ ಸಣ್ಣ ಕೂದಲಿನ ಮೂಲಕ ಒಳಗೆ ಹೋಗುತ್ತದೆ. ಬೇರು ಅದಕ್ಕೆ ಇರಲು ಗಂಟು ಕಟ್ಟಿಕೊಡುತ್ತದೆ, ತಿನ್ನಲು ಸಕ್ಕರೆ ಕೊಡುತ್ತದೆ. ಅದು ಗಾಳಿಯ ಸಾರಜನಕವನ್ನು ಗಿಡ ತಿನ್ನುವಂತೆ ಮಾಡಿಕೊಡುತ್ತದೆ. ಉದ್ದು, ಹೆಸರು, ತೊಗರಿ, ಕಡಲೆ ಎಲ್ಲಕ್ಕೂ ಹೀಗೇ. ಭತ್ತಕ್ಕೆ ಈ ಗಂಟು ಇಲ್ಲ. ಒಳಗಿನ ಕೆಂಪು ನಮ್ಮ ರಕ್ತದ ಕೆಂಪಿಗೆ ನೆಂಟ. ಆ ಜೀವಿಯ ಕೆಲಸಕ್ಕೆ ಆಮ್ಲಜನಕ ಹೆಚ್ಚಾದರೆ ಆಗದು, ಪೂರ್ತಿ ಇಲ್ಲದಿದ್ದರೂ ಆಗದು. ಎಷ್ಟು ಬೇಕೋ ಅಷ್ಟೇ ಬಿಡುವುದು ಆ ಕೆಂಪಿನ ಕೆಲಸ. ಕೆಂಪಿದ್ದರೆ ಗಂಟು ದುಡಿಯುತ್ತಿದೆ ಅಂತ ಅರ್ಥ.

ತೀರ್ಥಪ್ಪ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. (ಗಮನಿಸಿ, ಪೂರ್ತಿ.) ಆಮೇಲೆ ಕೇಳಿದರು:

"ಮಣ್ಣಾಗೆ ಕೆಟ್ಟ ಹುಳನೂ ಇರ್ತಾವಲ್ಲ ಮೇಷ್ಟ್ರೇ. ಇದು ಒಳ್ಳೇದು, ಇದನ್ನ ಒಳಗೆ ಬಿಟ್ಕಬಹುದು ಅಂತ ಬೇರಿಗೆ ಹ್ಯಾಂಗೆ ಗೊತ್ತಾಗ್ತದೆ?"

ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ 'ಸಿಲೆಬಸ್ಸಿನಲ್ಲಿ ಇಲ್ಲ, ಕೂತ್ಕೋ' ಅನ್ನುತ್ತಿದ್ದೆನೇನೋ.

"ಗೊತ್ತಿಲ್ಲ" ಅಂದೆ.

ನಾಗರತ್ನ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಬಾಯಲ್ಲಿ ಆ ಪದ ಅವಳೂ ಮೊದಲ ಸಲ ಕೇಳಿದ್ದಿರಬೇಕು.

(ಮನೆಗೆ ಬಂದು ಓದಿದೆ. ಬೇರು ಮಣ್ಣಿಗೆ ಒಂದು ವಸ್ತು ಬಿಡುತ್ತದಂತೆ. ಸರಿಯಾದ ಜೀವಿ ಅದನ್ನು ಗುರುತಿಸಿ ತನ್ನದೊಂದು ವಸ್ತು ಬಿಡುತ್ತದಂತೆ. ಇಬ್ಬರ ಗುರುತೂ ಹೊಂದಿದರೆ ಮಾತ್ರ ಪ್ರವೇಶ. ಒಳಗೆ ಬಂದ ಮೇಲೂ ಕೆಲಸ ಮಾಡದ ಗಂಟಿಗೆ ಗಿಡ ಪೂರೈಕೆ ಕಡಿಮೆ ಮಾಡುತ್ತದಂತೆ. ತೀರ್ಥಪ್ಪನವರಿಗೆ ಫೋನ್ ಮಾಡಿ ತಿಳಿಸಿದೆ. "ಹಂಗಾ" ಅಂದು ಇಟ್ಟರು.)

ಇನ್ನು ರಾಶಿ. ಅದನ್ನೇನು ಮಾಡುವುದು? ನನಗೆ ಏನೋ ಹೊಳೆಯಿತು, ಬಾಯಿ ತೆರೆದೆ. ಮುಚ್ಚಿಕೊಂಡೆ. ನಾಗರತ್ನಳೇ ಹೇಳಿದಳು.

"ಭಾವ, ಇದನ್ನ ಸುಡದು ಬ್ಯಾಡ. ಕಿತ್ತ ಕಡೀಗೇ ಹರಡಿ ಉಳುಮೆ ಮಾಡಿದ್ರೆ ಆಗಲ್ವಾ? ಎಲೆ ಬೇರು ಎಲ್ಲ ಅಲ್ಲೇ ಕೊಳೀಲಿ."

"ಹಸಿ ಇದ್ದಾಗ್ಲೇ ಮಾಡ್ಬೇಕು. ನಾಳೆಗೆ ಟ್ರ್ಯಾಕ್ಟರ್ ಹೇಳ್ತೀನಿ" ಅಂದರು ತೀರ್ಥಪ್ಪ. ಎದ್ದು ಹೋಗಿ ರಾಶಿಯ ಅಡಿಗೆ ತುರುಕಿದ್ದ ಹುಲ್ಲನ್ನು ಎಳೆದು ಹೊರಗೆ ಹಾಕತೊಡಗಿದರು. ಹಿಂದಿನ ದಿನದಿಂದ ಆ ಗದ್ದೆಯಲ್ಲಿ ಅವರು ಮುಟ್ಟಿದ ಮೊದಲ ಕೆಲಸ ಅದು. ನಾಗರತ್ನ ಗಿಡ ಹೊತ್ತು ಹರಡಿದಳು. ನಾನೂ ಅಂಗಿ ತೋಳು ಮಡಚಿದೆ. ಯಾರೂ ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಅಂದುಕೊಂಡದ್ದಕ್ಕಿಂತ ಭಾರ ಇರುತ್ತದೆ ರೀ, ಹಸಿ ಅಲಸಂದೆ. ಇಪ್ಪತ್ತು ನಿಮಿಷಕ್ಕೆ ಸೊಂಟ ಹಿಡಿಯಿತು.

ಮಧ್ಯಾಹ್ನ ಊಟ ಅವರ ಮನೆಯಲ್ಲೇ. ಅನ್ನ, ಸಾರು, ಉಪ್ಪಿನಕಾಯಿ. ನಾಗರತ್ನ ಬಡಿಸಿದಳು, ಕಡಿಮೆ ಮಾತಾಡಿದಳು. ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕು ಅಂತ ನಾನು ನಿರೀಕ್ಷಿಸಿದ್ದೂ ತಪ್ಪೇ. ಬಸ್ಸಿಗೆ ಹೊರಟಾಗ ಕೇಳಿದೆ.

"ಹೈಸ್ಕೂಲಿನಲ್ಲಿ ಈ ಬೇರುಗಂಟಿನ ಪಾಠ ಮಾಡಿದ್ದೆ, ನೆನಪಿದೆಯಾ?"

"ಚಿತ್ರ ಬರ್ದಿದ್ದು ನೆನಪದೆ ಸಾರ್. ಪೂರ್ತಿ ಮಾರ್ಕ್ಸ್ ಕೊಟ್ಟಿದ್ರಿ. ಅದು ಇದೇ ಅಂತ ಗೊತ್ತಾಗ್ಲಿಲ್ಲ."

ಇಬ್ಬರಿಗೂ ಗೊತ್ತಾಗಿರಲಿಲ್ಲ. ಮಾರ್ಕ್ಸ್ ಕೊಟ್ಟವನಿಗೂ, ತೆಗೆದುಕೊಂಡವಳಿಗೂ.

ಮುಂದೇನಾಯಿತು ಅಂತ ನೀವು ಕೇಳುತ್ತೀರಿ. ಪವಾಡ ಏನೂ ಆಗಲಿಲ್ಲ. ಉಳಿದ ಅರ್ಧದಲ್ಲಿ ಅಲಸಂದೆ ಬಂತು. ಮನೆಗೆ ಸಾಕಾಗಿ, ಸ್ವಲ್ಪ ಸೊರಬದ ಸಂತೆಗೂ ಹೋಯಿತು. ಇಡೀ ಎಕರೆ ಬಂದಿದ್ದರೆ ಎಷ್ಟಾಗುತ್ತಿತ್ತು ಅಂತ ಅವಳು ನನಗೆ ಹೇಳಲಿಲ್ಲ. ನಾನು ಕೇಳಲಿಲ್ಲ. ಕಿತ್ತ ಅರ್ಧದಲ್ಲಿ ಗಿಡ ಮಣ್ಣಿಗೆ ಸೇರಿತು. ಮಳೆಗಾಲದಲ್ಲಿ ಅದೇ ಗದ್ದೆಗೆ ಭತ್ತ ನೆಟ್ಟರು. ಒಂದು ಸಲದ ಮೇಲುಗೊಬ್ಬರ, ಅಂದರೆ ಯೂರಿಯಾ, ಹಾಕದೆ ಬಿಟ್ಟು ನೋಡೋಣ ಅಂತ ತೀರ್ಥಪ್ಪನವರೇ ಅಂದರಂತೆ. ಬಿಟ್ಟರು. ಪೈರು ಬಿಳಿಚಿಕೊಳ್ಳಲಿಲ್ಲ. ಎರಡು ಅರ್ಧಗಳಲ್ಲಿ ಯಾವುದು ಹೆಚ್ಚು ಹಸಿರಿತ್ತು ಅಂತ ಕೇಳಿದ್ದಕ್ಕೆ, "ಹಂಗೇನು ಬ್ಯಾರೆ ಕಾಣಲಿಲ್ಲ ಸಾರ್" ಅಂದಳು ನಾಗರತ್ನ. ಕಂಡದ್ದನ್ನು ಕಂಡಷ್ಟೇ ಹೇಳುವ ಅಭ್ಯಾಸ ಅವಳಿಗೆ ಎಲ್ಲಿಂದ ಬಂತೋ. ನನ್ನಿಂದ ಅಲ್ಲ.

ಈ ಸಲ ಭತ್ತದ ಕೊಯ್ಲು ಮುಗಿದು ತಿಂಗಳು ಕಳೆದಿತ್ತು. ಕಳೆದ ವಾರ ಒಂದು ಫೋನ್ ಬಂತು. ನಾಗರತ್ನಳದ್ದಲ್ಲ, ತೀರ್ಥಪ್ಪನವರದ್ದು.

"ಮೇಷ್ಟ್ರೇ, ಈ ಸಲ ಮೂರೆಕರೆಗೂ ಹಾಕೀವಿ. ಒಂದೆಕರೆ ಉದ್ದು, ಎರಡೆಕರೆ ಅಲಸಂದೆ. ಗಂಟು ಚಲೋ ಬಂದಾವೆ. ನಾಗರತ್ನ ಮೇಷ್ಟ್ರನ್ನ ಕರೀರಿ ಅಂದ್ಲು."

"ಖಂಡಿತ ಬರ್ತೀನಿ. ನೋಡಿ, ಉದ್ದಿಗೆ ಏನಾಗುತ್ತೆ ಅಂದ್ರೆ..." ಅಂತ ಶುರು ಮಾಡಿದೆ.

"ಎಂತೂ ಹೇಳದು ಬ್ಯಾಡ ಮೇಷ್ಟ್ರೇ" ಅಂದರು ತೀರ್ಥಪ್ಪ. "ಸುಮ್ನೆ ಬಂದು ನೋಡ್ಕಂಡು ಹೋಗಿ."

ಮೇಷ್ಟ್ರಾದವನಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆಯೇ?